ಕಾಕಂಬಿಯವರು, ಗಂಜಿಯವರು

ಮಾರ್ಚ್ 3, ಬೆಳಿಗ್ಗೆ 8.15

ಆರಕ್ಕೆ ಲ್ಯಾಬಿನಲ್ಲಿದ್ದೆ. ಕೋಶದಿಂದ ಹೊರಬಂದ ಹೆಣ್ಣುನೊಣವನ್ನು ಎಂಟು ತಾಸಿನೊಳಗೆ ಗಂಡುಗಳಿಂದ ಬೇರೆ ಇಡಬೇಕು, ತಡವಾದರೆ ಪರೀಕ್ಷೆಗೆ ಬಾರದು. ಹನ್ನೊಂದು ವರ್ಷದಿಂದ ಇದೇ ಬೆಳಗು. ಇವತ್ತು ಕಾಕಂಬಿಯವರಲ್ಲಿ ಅರವತ್ತೊಂದು ಹೆಣ್ಣು, ಗಂಜಿಯವರಲ್ಲಿ ಐವತ್ತೆಂಟು. ಎಡಗಣ್ಣು ಉರಿಯುತ್ತಿದೆ. ಕನ್ನಡಕದ ನಂಬರು ಮತ್ತೆ ಬದಲಾಗಿರಬೇಕು — ಯಾವಾಗ ಹೋಗುವುದು?

ಅಡುಗೆಯಣ್ಣ ನನಗಿಂತ ಮುಂಚೆ ಬಂದಿದ್ದರು. ಇಡೀ ಕಟ್ಟಡದ ನೊಣಗಳಿಗೆಲ್ಲ ಊಟ ಬೇಯಿಸುವುದು ಅವರೊಬ್ಬರೇ. ಒಂದು ದೊಡ್ಡ ಹಂಡೆ ಎಲ್ಲರಿಗೆ, ಎರಡು ಸಣ್ಣ ಪಾತ್ರೆ ನನಗೆ. "ನಿಮ್ಮ ಮಕ್ಕಳದ್ದು ಬೇರೆ ಒಲೆ, ಬೇರೆ ಸೌಟು. ಮಡಿವಂತರು" ಎಂದು ದಿನಾ ಅನ್ನುತ್ತಾರೆ. ಇನ್ನೆರಡು ತಿಂಗಳಿಗೆ ನಿವೃತ್ತಿ. ಆಮೇಲೆ ಬರುವವರು ಹೇಗೋ ಏನೋ.

ಮಾರ್ಚ್ 5

ಪಕ್ಕದ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಬಾಗಿಲಲ್ಲಿ ನಿಂತು ಕೇಳಿದಳು, "ಮೇಡಂ, ನೀವು ನೊಣಗಳಿಗೆ ಸಂಬಂಧ ನೋಡ್ತೀರಂತೆ?" ಅವಳ ಲ್ಯಾಬಿನವರೇ ಹೇಳಿಕೊಟ್ಟಿದ್ದು, ಗೊತ್ತು. ತನಗೇ ಒಂದು ನೋಡಿಕೊಳ್ಳಲಾಗದವಳು ಅನ್ನುವುದನ್ನೂ ಸೇರಿಸಿಯೇ ಹೇಳಿರುತ್ತಾರೆ. ಇರಲಿ. ಒಳಗೆ ಕರೆದು ಕೂರಿಸಿದೆ.

ಹೇಳಿದೆ. ಒಂದೇ ತಾಯಿಬಾಟಲಿಯ ನೊಣಗಳು. ಅರ್ಧಕ್ಕೆ ಕಬ್ಬಿನ ಪಾಕದ ಕಾಕಂಬಿ, ಅರ್ಧಕ್ಕೆ ಜೋಳದ ಹಿಟ್ಟಿನ ಗಂಜಿ. ಊಟ ಬೇರೆಯಾದರೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಬೇರೆ. ಬ್ಯಾಕ್ಟೀರಿಯಾ ಬೇರೆಯಾದರೆ ಮೈಯ ವಾಸನೆ ಬೇರೆ. ಆ ವಾಸನೆ ನೋಡಿಯೇ ಹೆಣ್ಣು ಗಂಡನ್ನು ಒಪ್ಪುವುದು, ಇಲ್ಲವಾದರೆ ಹಿಂಗಾಲಿನಲ್ಲಿ ಒದೆಯುವುದು. ಈಗ ಕಾಕಂಬಿಯವಳು ಗಂಜಿಯವನನ್ನು ಒದೆಯುತ್ತಾಳೆ. ಬ್ಯಾಕ್ಟೀರಿಯಾ ಕೊಂದರೆ ಒದೆಯುವುದಿಲ್ಲ — ಅದನ್ನು ಎರಡನೇ ವರ್ಷವೇ ನೋಡಿದ್ದೆ. ನನ್ನ ಪ್ರಶ್ನೆ ಅದರ ಮುಂದಿನದು. ಇಷ್ಟು ತಲೆಮಾರು ದೂರ ಇಟ್ಟ ಮೇಲೆ ಈ ಬೇಡ ಅನ್ನುವುದು ನೊಣದ ಸ್ವಂತದ್ದಾಗಿರುತ್ತದೆಯೇ? ಬ್ಯಾಕ್ಟೀರಿಯಾ ಹೋದರೂ ಬೇಡವೆಂದೇ ಅನ್ನುತ್ತವೆಯೇ? ಹಾಗೆ ಅಂದವೆಂದರೆ ಒಂದು ಜಾತಿ ಎರಡಾಯಿತು ಎಂದರ್ಥ, ಕಣ್ಣೆದುರೇ.

"ಯಾವಾಗ ನೋಡ್ತೀರಾ?"

"ಮುನ್ನೂರನೇ ತಲೆಮಾರಿಗೆ. ಬರೋ ವರ್ಷ. ಅರ್ಧಕ್ಕೆ ಔಷಧಿ, ಅರ್ಧ ಹಾಗೇ. ಈಗ ಇನ್ನೂರ ಅರವತ್ತೆಂಟು."

ಕಣ್ಣರಳಿಸಿದಳು. ಐದು ನಿಮಿಷದಲ್ಲಿ ಹೇಳಿ ಮುಗಿಸಿದ್ದೆ. ಖುಷಿಯಾಯಿತು, ಸುಳ್ಳೇಕೆ.

ಮಾರ್ಚ್ 8, ಮಧ್ಯಾಹ್ನ 3

ಭಾವನ ಫೋನು. ಅಕ್ಕನಿಗೆ ಮಿದುಳಿನಲ್ಲಿ ರಕ್ತಸ್ರಾವ. ಇವತ್ತೇ ಆಪರೇಷನ್. "ಬರಲೇಬೇಕು ಅಂತ ನಾನು ಹೇಳಲ್ಲಮ್ಮ. ವಿಷಯ ತಿಳಿಸಿದೆ ಅಷ್ಟೇ."

ಆರು ವರ್ಷದ ಹಿಂದೆ ಹೀಗೆಯೇ ಅಕ್ಕ ಫೋನು ಮಾಡಿದ್ದಳು. ಅಮ್ಮ ನಿನ್ನನ್ನು ಕೇಳುತ್ತಿದ್ದಾಳೆ, ಹೊರಟು ಬಾ ಎಂದು. ನೂರಿಪ್ಪತ್ತನೇ ತಲೆಮಾರಿನ ಎಣಿಕೆಯ ವಾರ. ಭಾನುವಾರ ಬರುತ್ತೇನೆ ಎಂದೆ. ಅಮ್ಮ ಶುಕ್ರವಾರ ಹೋದಳು. ಅಂದಿನಿಂದ ಅಕ್ಕ ನನ್ನೊಂದಿಗೆ ಮಾತಾಡಿಲ್ಲ.

ಈ ಸಲ ಹೋಗುತ್ತೇನೆ.

ಅಡುಗೆಯಣ್ಣನಿಗೆ ಎಲ್ಲ ಒಪ್ಪಿಸಿದೆ. ಮೂರು ದಿನಕ್ಕೊಮ್ಮೆ ಹೊಸ ಬಾಟಲಿಗೆ ವರ್ಗಾಯಿಸುವುದು, ಏನಾದರೂ ಆದರೆ ಇರಲಿ ಎಂದು ಮೇಲಿನ ಮಹಡಿಯಲ್ಲಿಟ್ಟ ಎರಡನೇ ಸೆಟ್ಟಿಗೂ ಹಾಗೆಯೇ, ಕೆಂಪು ಚೀಟಿ ಕಾಕಂಬಿ, ನೀಲಿ ಚೀಟಿ ಗಂಜಿ. ಮೂವತ್ತೊಂದು ವರ್ಷದ ಕೈ ಅದು, ನನಗಿಂತ ಚೊಕ್ಕ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, "ನೀವು ಹೋಗಿ ಬನ್ನಿ ಮೇಡಂ. ಒಂದು ಹುಳಾನೂ ಸಾಯೋಕೆ ಬಿಡಲ್ಲ" ಎಂದರು.

ಮಾರ್ಚ್ 18, ಸಂಜೆ

ಬಂದೆ.

ಅಕ್ಕ ಉಳಿದಳು. ಅಷ್ಟು ಬರೆದು ಮುಂದಿನದನ್ನು ಬಿಟ್ಟುಬಿಡಬಹುದು. ಆದರೆ ಇಲ್ಲಿ ಬರೆಯದೆ ಎಲ್ಲಿ ಬರೆಯಲಿ?

ನಾಲ್ಕನೇ ದಿನ ಎಚ್ಚರವಾಯಿತು. ತಲೆ ಬೋಳಿಸಿದ್ದರು, ಥೇಟ್ ಅಮ್ಮನ ಮುಖ. ಕೈ ಹಿಡಿದೆ. ಸ್ವಲ್ಪ ಹೊತ್ತು ನೋಡಿದಳು. ನಾಲಿಗೆ ತೊದಲುತ್ತಿತ್ತು, ಆದರೂ ಒಂದಕ್ಷರ ತಪ್ಪದೆ ಕೇಳಿಸಿತು. "ಅಮ್ಮನಿಗೆ ನಿನ್ನತ್ರ ಪುರುಸೊತ್ತಿರಲಿಲ್ಲ. ನನಗೆ ಹೇಗೆ ಸಿಕ್ತು?" ಕೈ ಬಿಡಿಸಿಕೊಂಡು ಗೋಡೆಗೆ ಮುಖ ಮಾಡಿದಳು.

ಆಮೇಲೆ ಐದು ದಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಭಾವ ಆಗಾಗ ಬಂದು ಕಾಫಿ ಕೊಡಿಸುತ್ತಿದ್ದರು. "ಅವಳ ಸ್ವಭಾವ ನಿಂಗೊತ್ತಲ್ಲ" ಅನ್ನುತ್ತಿದ್ದರು. ಗೊತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು.

ನೊಣಗಳು ಚೆನ್ನಾಗಿವೆ. ಬಾಟಲಿಗಳು ಫಳಫಳ. ಅಡುಗೆಯಣ್ಣ ಒಂದೊಂದನ್ನೂ ಬೆಳಕಿಗೆ ಹಿಡಿದು ತೋರಿಸಿದರು. "ನೀವಿದ್ದಾಗಲೂ ಇಷ್ಟು ಚೆಂದ ಇರಲಿಲ್ಲ, ನೋಡಿ." ನಿಜ, ಇರಲಿಲ್ಲ. ನಾಳೆಯಿಂದ ಹೊಸ ತಲೆಮಾರು ಹೊರಬರುತ್ತದೆ. ಸದ್ಯ, ಇವಾದರೂ ನನ್ನ ಪಾಲಿಗಿವೆ.

ಮಾರ್ಚ್ 23

ವಾಡಿಕೆಯ ಪರೀಕ್ಷೆ. ಪ್ಲಾಸ್ಟಿಕ್ ಹಲಗೆಯಲ್ಲಿ ನಲವತ್ತೆಂಟು ಗುಳಿ, ಒಂದೊಂದರಲ್ಲಿ ನಾಲ್ಕು ನೊಣ — ಎರಡೂ ಕಡೆಯ ಒಂದೊಂದು ಗಂಡು, ಒಂದೊಂದು ಹೆಣ್ಣು. ಕಾಕಂಬಿಯವರ ಮೈಗೆ ಕೆಂಪು ಪುಡಿ, ಗಂಜಿಯವರಿಗೆ ನೀಲಿ. ಎರಡು ನಿಮಿಷಕ್ಕೊಮ್ಮೆ ಲೆನ್ಸಿನಲ್ಲಿ ನೋಡಿ ಪ್ರತಿ ಗುಳಿಯಲ್ಲಿ ಮೊದಲು ಯಾರು ಯಾರ ಜೊತೆ ಕೂಡಿದರು ಎಂದು ಬರೆಯುವುದು. ಯಾವಾಗಲೂ ನಲವತ್ತರ ಹತ್ತಿರ ತಮ್ಮತಮ್ಮವರ ಜೊತೆಯೇ.

ಇವತ್ತು ಇಪ್ಪತ್ತೈದು. ಉಳಿದ ಇಪ್ಪತ್ಮೂರು ಆಚೆ ಕಡೆಯವರ ಜೊತೆ.

ಪುಡಿ ಅದಲುಬದಲಾಗಿರಬೇಕು. ನನಗೆ ನಿದ್ದೆಯಿಲ್ಲ.

ಮಾರ್ಚ್ 24

ಪುಡಿ ಸರಿಯಾಗಿದೆ. ಮತ್ತೆ ಮಾಡಿದೆ. ಇಪ್ಪತ್ನಾಲ್ಕು, ಇಪ್ಪತ್ನಾಲ್ಕು.

ಮೇಲಿನ ಮಹಡಿಯ ಸೆಟ್ಟಿನಲ್ಲೂ ಅಷ್ಟೇ.

ಯಾರೂ ಯಾರನ್ನೂ ಒದೆಯುತ್ತಿಲ್ಲ. ಕೆಂಪಿನವಳ ಪಕ್ಕ ನೀಲಿಯವನು ರೆಕ್ಕೆ ಬಡಿಯುತ್ತಾನೆ, ಅವಳು ಸುಮ್ಮನೆ ನಿಲ್ಲುತ್ತಾಳೆ. ಇಷ್ಟು ವರ್ಷ ನೋಡಿದ್ದೆಲ್ಲ ನಾನೇ ಬೇಕೆಂದು ಕಂಡುಕೊಂಡದ್ದೇ? ಆಸೆಗಣ್ಣಿನಿಂದ ಎಣಿಸಿದೆನೇ? ಹಳೆಯ ನೋಟುಬುಕ್ಕುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ನನ್ನದೇ ಅಕ್ಷರ. ನಂಬಿಕೆ ಬರುತ್ತಿಲ್ಲ.

ಮಾರ್ಚ್ 26, ಬೆಳಿಗ್ಗೆ 10

ಮೊನ್ನೆ ನೊಣಗಳನ್ನು ಅರೆದು ತಟ್ಟೆಗೆ ಸವರಿ ಇಟ್ಟಿದ್ದೆ. ಬ್ಯಾಕ್ಟೀರಿಯಾ ಇದ್ದರೆ ಎರಡು ದಿನಕ್ಕೆ ಚುಕ್ಕಿಚುಕ್ಕಿಯಾಗಿ ಏಳಬೇಕು. ಹನ್ನೆರಡು ತಟ್ಟೆ. ಒಂದರಲ್ಲೂ ಒಂದು ಚುಕ್ಕಿಯಿಲ್ಲ.

ಹಾಗೆಯೇ ಅಡುಗೆಕೋಣೆಗೆ ಹೋದೆ.

"ಅಣ್ಣ, ನಾನಿಲ್ಲದಾಗ ನನ್ನ ಪಾತ್ರೆಗೆ ಬೇರೆ ಏನಾದ್ರೂ ಹಾಕಿದ್ರಾ?"

"ಹಾಕ್ದೆ ಮೇಡಂ. ನೀವು ಹೋದ ಮಾರನೇ ದಿನವೇ ಕಾಕಂಬಿ ಬಾಟಲಿ ಎಲ್ಲ ಲೋಳೆ. ನಂಗೆ ಜೀವ ಬಾಯಿಗೆ ಬಂತು. ಎಲ್ಲರ ಹಂಡೆಗೂ ಹಾಕ್ತೀವಲ್ಲ, ಅದೇ ಆಂಟಿಬಯೋಟಿಕ್. ಎರಡೂ ಪಾತ್ರೆಗೆ ಅಳತೆ ನೋಡಿ ಹಾಕ್ದೆ. ಹಳೇ ಬಾಟಲಿನೆಲ್ಲ ಕುದಿಯೋ ನೀರಲ್ಲಿ ತೊಳ್ದೆ. ಮೇಲಿನ ಮಹಡೀದೂ."

ಒಲೆಯ ಮೇಲಿದ್ದ ನನ್ನ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ.

"ಇಷ್ಟು ವರ್ಷ ನಿಮ್ಮ ಹುಳಕ್ಕೆ ಮಾತ್ರ ಯಾಕೆ ಹಾಕಲ್ಲ ಅಂತ ಅನ್ನಿಸ್ತಾನೇ ಇತ್ತು. ಓದಿದೋರು, ಏನೋ ಇರುತ್ತೆ ಅಂತ ಕೇಳಲಿಲ್ಲ. ಆದ್ರೆ ನೀವು ಅಷ್ಟು ಅತ್ಕೊಂಡು ಹೋಗಿದ್ರಿ. ಬಂದು ಸತ್ತ ಹುಳ ನೋಡಬಾರದು ಅಂತ..." ಮುಖ ನೋಡಿ ನಿಲ್ಲಿಸಿದರು. "ತಪ್ಪಾಯ್ತಾ ಮೇಡಂ?"

"ಇಲ್ಲ ಅಣ್ಣ."

ಆ ಹುಡುಗಿಗೆ ಐದು ನಿಮಿಷದಲ್ಲಿ ಹೇಳಿದೆ. ಹನ್ನೊಂದು ವರ್ಷ ಪ್ರತಿ ಬೆಳಿಗ್ಗೆ ಪಾತ್ರೆ ಬೇರೆ ಇಡಿ, ಸೌಟು ಬೇರೆ ಇಡಿ ಎಂದು ಬಡಿದುಕೊಂಡವಳು ಅವರಿಗೊಮ್ಮೆ ಯಾಕೆಂದು ಹೇಳಲಿಲ್ಲ. ಅಡುಗೆಯವರಿಗೆ ಅದೆಲ್ಲ ಏಕೆ ಅಂದುಕೊಂಡಿದ್ದೆ. ಹೌದು, ಹಾಗೆಯೇ ಅಂದುಕೊಂಡಿದ್ದೆ.

ಮಾರ್ಚ್ 27

ಏನೂ ಮಾಡಲಿಲ್ಲ.

ಮಾರ್ಚ್ 30

ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುವಾಗ ಹೊಳೆಯಿತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆಯಲ್ಲ! ಬ್ಯಾಕ್ಟೀರಿಯಾ ಹೋದರೂ ಬೇಡ ಅನ್ನುತ್ತವೆಯೇ ಎಂದು ಕೇಳಿದ್ದೆ. ಅನ್ನುವುದಿಲ್ಲ. ಇನ್ನೂರ ಅರವತ್ತೊಂಬತ್ತು ತಲೆಮಾರು ದೂರ ಇಟ್ಟರೂ ನೊಣದೊಳಗೆ ಒಂದಿಷ್ಟೂ ಬದಲಾಗಿಲ್ಲ. ಒಂದು ಪಾತ್ರೆ ಔಷಧಿಗೆ ಎಲ್ಲ ಮರೆತವು.

ಅದನ್ನೂ ಯಾರಿಗೂ ಹೇಳುವಂತಿಲ್ಲ. ಔಷಧಿ ಕೊಡದ ಅರ್ಧವನ್ನು ಪಕ್ಕದಲ್ಲಿಟ್ಟು ತೋರಿಸಬೇಕು. ಆ ಅರ್ಧ ಬಾಟಲಿ ತೊಳೆದ ನೀರಿನೊಂದಿಗೆ ಚರಂಡಿಗೆ ಹೋಯಿತು. ಬೇರೆ ಯಾರಾದರೂ ನನ್ನ ಹತ್ತಿರ ಇಂಥ ಲೆಕ್ಕ ತಂದಿದ್ದರೆ ನಾನೇ ನಂಬುತ್ತಿರಲಿಲ್ಲ.

ಮತ್ತೆ ಶುರು ಮಾಡಬಹುದು. ಹನ್ನೊಂದು ವರ್ಷ. ಆಗ ನನಗೆ ಐವತ್ತೆಂಟು.

ಏಪ್ರಿಲ್ 2

ದೊಡ್ಡ ಮೇಡಂ ಕರೆಸಿದ್ದರು. ವಿಭಾಗದ ಮುಖ್ಯಸ್ಥೆ, ನನಗೆ ಪಾಠ ಹೇಳಿದವರು. ಮೇಜಿನ ಮೇಲೆ ಅಡುಗೆಕೋಣೆಯ ರಿಜಿಸ್ಟರು ತೆರೆದಿತ್ತು.

"ಯಾರು ಹಾಕಿದ್ದು ಇದನ್ನ?"

"ನಾನೇ ಹೇಳಿ ಹೋಗಿದ್ದೆ."

"ನೀನಾ? ಹನ್ನೊಂದು ವರ್ಷ ಬೇಡ ಬೇಡ ಅಂತ ಈ ಕಟ್ಟಡಾನೇ ತಲೆ ಮೇಲೆ ಹೊತ್ಕೊಂಡಿದ್ದೆಯಲ್ಲೇ."

"ಆವತ್ತು ತಲೆ ಕೆಟ್ಟಿತ್ತು. ಅಕ್ಕನ ವಿಷಯ."

ನನ್ನ ಮುಖ ನೋಡಿದರು. ನಂಬಲಿಲ್ಲ ಎಂದು ಗೊತ್ತಾಯಿತು. ಆದರೂ ರಿಜಿಸ್ಟರು ನನ್ನ ಕಡೆ ತಳ್ಳಿದರು. ಆ ದಿನದ ಸಾಲಿನ ಮುಂದೆ 'ನನ್ನ ಸೂಚನೆಯಂತೆ' ಎಂದು ಬರೆದು ಸಹಿ ಹಾಕಿದೆ. ಮೂವತ್ತೊಂದು ವರ್ಷ ದುಡಿದವರ ಹೆಸರಿನ ಮುಂದೆ ಕೊನೆಯ ತಿಂಗಳಲ್ಲಿ ಒಂದು ತಪ್ಪು ಬರೆಸುವುದು ನನ್ನಿಂದಾಗದು. ಒಳ್ಳೆಯತನವೇನೂ ಅಲ್ಲ, ತಪ್ಪು ಯಾರದೆಂದು ನನಗೆ ಗೊತ್ತಿದೆ ಅಷ್ಟೇ.

ಈ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು. ಆ ಹುಡುಗಿಯ ಲ್ಯಾಬಿಗೆ ಜಾಗ ಸಾಲದಂತೆ. "ಸ್ವಲ್ಪ ದಿನ ಮನೇಲಿರು, ಸುಧಾರಿಸ್ಕೋ" ಎಂದರು. ಮನೆಯಲ್ಲಿ ಏನಿದೆ ಸುಧಾರಿಸಿಕೊಳ್ಳಲು. ಒಂದು ಕುರ್ಚಿ, ಒಂದು ಹಾಸಿಗೆ.

ಏಪ್ರಿಲ್ 9

ಅಕ್ಕನನ್ನು ಮನೆಗೆ ಕರೆತಂದಿದ್ದಾರೆ. ಫೋನು ಮಾಡಿದೆ. ಭಾವ ಎತ್ತಿದರು. "ಒಂದ್ನಿಮಿಷ" ಎಂದು ಫೋನನ್ನು ಕೈಯಲ್ಲಿ ಮುಚ್ಚಿದರು. ಸರಿಯಾಗಿ ಮುಚ್ಚಲಿಲ್ಲ.

"ಮಲಗಿದಾಳೆ ಅನ್ನಿ" — ಅಕ್ಕನ ದನಿ. ತೊದಲು ಹೋಗಿದೆ. ಸ್ಪಷ್ಟವಾಗಿದೆ.

"ಮಲಗಿದಾಳಮ್ಮ" ಎಂದರು ಭಾವ.

"ಮಲಗಲಿ ಬಿಡಿ, ಎಬ್ಬಿಸ್ಬೇಡಿ" ಎಂದೆ.

ನೊಣಕ್ಕೆ ಒಂದು ತಲೆಮಾರು ಸಾಕಾಯಿತು. ನಮ್ಮ ಬೇಡ ಅನ್ನುವುದು ಹೊಟ್ಟೆಯಲ್ಲಿಲ್ಲ, ಅದಕ್ಕೆ ಯಾರ ಹತ್ತಿರವೂ ಔಷಧಿಯಿಲ್ಲ. ಅಳು ಕೂಡ ಬರಲಿಲ್ಲ. ಅಕ್ಕಿ ತೊಳೆದಿಟ್ಟು ಒಲೆ ಹಚ್ಚುವುದನ್ನೇ ಮರೆತಿದ್ದೆ, ಸಂಜೆ ನೋಡಿದರೆ ಹಾಗೆಯೇ ಇತ್ತು.

ಏಪ್ರಿಲ್ 10 – 20

ಬಾಟಲಿ ಖಾಲಿ ಮಾಡುವುದು. ದಿನಕ್ಕೆ ನಲವತ್ತು. ಸೋಪಿನ ನೀರಿನ ಡಬ್ಬಿಗೆ ಕೊಡವುವುದು, ಮುಚ್ಚಳ ಹಾಕುವುದು. ಚೀಟಿ ಕೀಳುವುದು. ಮೊದಮೊದಲು ಕೆಂಪು, ನೀಲಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದೆ. ಅಭ್ಯಾಸ. ನಾಲ್ಕನೇ ದಿನದಿಂದ ಒಂದೇ ಡಬ್ಬಿ.

ಏಪ್ರಿಲ್ 29, ಬೆಳಿಗ್ಗೆ 11

ಎರಡೇ ಬಾಟಲಿ ಉಳಿಸಿದ್ದೆ. ಇವತ್ತು ಕೊನೆಯ ಸಲ ನಲವತ್ತೆಂಟು ಗುಳಿ ತುಂಬಿದೆ. ಯಾಕೆಂದು ಗೊತ್ತಿಲ್ಲ. ಈ ಹೊತ್ತಿಗೆ ಬೇರೇನು ಮಾಡುವುದೆಂದು ನನಗೆ ತಿಳಿಯದು.

ಅಡುಗೆಯಣ್ಣ ಒಳಗೆ ಬಂದರು. ನಾಳೆ ಅವರ ಕೊನೆಯ ದಿನ. ನನ್ನ ಎರಡು ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕಿ ತಂದಿದ್ದರು. ಬಾಗಿಲಲ್ಲೇ ನಿಂತು, "ಒಂದ್ಸಲ ನೋಡ್ಲಾ ಮೇಡಂ? ಇಷ್ಟು ವರ್ಷ ಬೇಯಿಸಿ ಹಾಕ್ದೆ, ಊಟ ಮಾಡೋರ ಮುಖ ನೋಡಿಲ್ಲ" ಎಂದರು.

ಮೂವತ್ತೊಂದು ವರ್ಷ. ಒಬ್ಬರೂ ಕರೆದು ತೋರಿಸಿಲ್ಲ. ಕುರ್ಚಿ ಬಿಟ್ಟುಕೊಟ್ಟೆ. ಬಗ್ಗಿ ಕಣ್ಣಿಟ್ಟರು.

"ಅಬ್ಬ, ಕಣ್ಣು ಎಷ್ಟು ಕೆಂಪು... ಇಲ್ಲೊಂದು ಜೋಡಿ ಆಗಿದೆ ಮೇಡಂ. ಕೆಂಪು ಪುಡಿಯವಳು, ನೀಲಿಯವನು. ಅಂದ್ರೆ ಕಾಕಂಬಿ ಮನೆಯವಳು, ಗಂಜಿ ಮನೆಯವನು. ಹೌದಾ?"

"ಹೌದು."

"ಮೊದಲು ಸೇರ್ತಿರಲಿಲ್ಲ ಅಂತ ಆ ಹುಡುಗಿ ಅಂದ್ಲು. ಒದೀತಿದ್ವಂತೆ."

"ಸೇರ್ತಿರಲಿಲ್ಲ."

ತಲೆಯೆತ್ತಿದರು. ಮುಖವೆಲ್ಲ ನಗು. "ಅಂತೂ ಒಂದು ಮಾಡಿದ್ರಲ್ಲ ಮೇಡಂ. ಹನ್ನೊಂದು ವರ್ಷದ ಕಷ್ಟ ಸುಮ್ಮನೆ ಹೋಗಲಿಲ್ಲ ಬಿಡಿ."

ಹೇಳಬೇಕಿದ್ದದ್ದು ಐದು ನಿಮಿಷದ ಮಾತು. ಬಾಯಿಗೂ ಬಂತು. ಈಗಲೂ ಹೇಳಲಿಲ್ಲ.

"ನಿಮ್ಮ ಕೈಗುಣ ಅಣ್ಣ" ಎಂದೆ.

ನಾಚಿಕೊಂಡರು. ಹೊರಟವರು ಬಾಗಿಲ ಹತ್ತಿರ ತಿರುಗಿ, "ಅಕ್ಕ ಹೇಗಿದಾರೆ? ಮಾತಾಡಿದ್ರಾ?"

"ಮಾತಾಡಿದ್ಲು."

ಪಾತ್ರೆ ಎರಡನ್ನೂ ಒಂದರೊಳಗೊಂದು ಕೂರಿಸಿ, ನನ್ನ ಮೇಜಿನ ಮೇಲಿಟ್ಟು ಹೋದರು.

11.20 — ಎಂಟನೇ ಗುಳಿ. ಕೆಂಪು ಹೆಣ್ಣು, ನೀಲಿ ಗಂಡು.

11.22 — ಹದಿಮೂರು. ನೀಲಿ ಹೆಣ್ಣು, ಕೆಂಪು ಗಂಡು.

11.24 — ಮೂವತ್ತು. ಕೆಂಪು ಹೆಣ್ಣು, ನೀಲಿ ಗಂಡು.