ದೇವೀರಮ್ಮನ ಹೆಸರಿನ ಹಾಳೆಗಳು

ಕೆ. ಹೊಸಕೋಟೆ,
12-1-2025, ಭಾನುವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ಹಾಸನದಲ್ಲಿ ಗಗನಾಳ ಮನೆಯ ಮೆಟ್ಟಿಲು ಬಹಳ ಕಡಿದು, ಸುಮ್ಮಸುಮ್ಮನೆ ಹತ್ತಿಳಿಯಬೇಡಿ. ಮಗಳ ಅಡುಗೆಗೆ ಉಪ್ಪು ಸಾಲದೆಂದು ಮುನಿಸಿಕೊಳ್ಳಲೂಬೇಡಿ, ನಿಮ್ಮ ಬಿಪಿಗೆ ಅದೇ ಒಳ್ಳೆಯದು. ಇಲ್ಲಿ ಮಾವ, ನಿಮ್ಮ ಮಗ, ಎಮ್ಮೆ, ಎಲ್ಲರೂ ಕ್ಷೇಮ. ರೋಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿದೆ, ಕಣದ ತುಂಬ ಹಣ್ಣು ಹರಡಿದೆ. ಫೋನ್ ಇರುವಾಗ ಪತ್ರ ಏಕೆ ಎನ್ನುತ್ತೀರಿ. ಫೋನಿನಲ್ಲಿ ಊರಿಗೆ ಬರುವ ಮಾತೆತ್ತಿದರೆ ಸಾಕು, "ಹಾಲು ಕರೆದ್ರಾ? ಕೋಳಿ ಮುಚ್ಚಿದ್ರಾ?" ಎಂದು ನುಣುಚಿಕೊಳ್ಳುತ್ತೀರಿ. ದೀಪಾವಳಿಯ ಮರುದಿನ ಬಾವಿಕಟ್ಟೆಯ ಹತ್ತಿರ ಆನೆ ನಿಂತದ್ದನ್ನು ಕಂಡು ಮಗಳ ಮನೆಗೆ ಹೋದವರು ಇನ್ನೂ ಬಂದಿಲ್ಲ. ಇನ್ನು ಬರುವುದೇ ಇಲ್ಲ ಎಂದಿರಂತೆ. ಅದನ್ನು ಕೇಳಿ ನನಗೆ ತುಂಬ ಸಂಕಟವಾಯಿತು.

ಇರಲಿ, ಮೊದಲು ಒಳ್ಳೆಯ ಸುದ್ದಿ. ಆನೆಯ ಭಯದ ಬಗ್ಗೆ ಮನಶ್ಶಾಸ್ತ್ರದಲ್ಲಿ ನಾನು ಮಾಡುತ್ತಿರುವ ಸಂಶೋಧನೆ ನಿಮಗೆ ಗೊತ್ತಲ್ಲ, "ಭಯಾನ ಅಳೆಯೋಕೆ ಸೇರು ಪಾವು ಐತೇನೆ?" ಎಂದು ನಕ್ಕವರು ನೀವೇ. ಮಳೆಗಾಲ ಮುಗಿಯುವಾಗ ತೋಟದ ಕೆಲಸಕ್ಕೆ ಹೋಗುವ ಹೆಂಗಸರಿಂದಲೂ ನಿಮ್ಮಿಂದಲೂ ಪ್ರಶ್ನೆಗಳ ಹಾಳೆ ತುಂಬಿಸಿದ್ದೆ. ಆಮೇಲೆ ಪ್ರತಿ ಗುರುವಾರ ಶಾಲೆಯ ಜಗಲಿಯಲ್ಲಿ ಕೂತು, ಭಯವನ್ನು ಬಾಯಿಬಿಟ್ಟು ಹೇಳುವುದು, ಉಸಿರನ್ನು ನಿಧಾನ ಮಾಡುವುದು, ಗುಂಪಾಗಿ ನಡೆಯುವುದು ಇಷ್ಟನ್ನು ಕಲಿತೆವು. ಈಗ ಅದೇ ಹಾಳೆಯನ್ನು ಮತ್ತೆ ತುಂಬಿಸಿದೆ. ಭಯ ಕಡಿಮೆಯಾಗಿದ್ದರೆ ಬೇರೆ ಊರುಗಳಲ್ಲೂ ತರಗತಿ ಮಾಡಬಹುದು, ಇಲ್ಲದಿದ್ದರೆ ಇಲ್ಲಿಗೇ ನಿಲ್ಲುತ್ತದೆ. ಸ್ವಂತ ಹೆಸರು ಬರೆಸಿದರೆ ಯಾರೂ ನಿಜ ಹೇಳುವುದಿಲ್ಲವೆಂದು, ಒಂದು ಗುಟ್ಟಿನ ಹೆಸರು ಬರೆಯಿರಿ, ಎರಡನೆಯ ಸಲವೂ ಅದನ್ನೇ ಬರೆಯಿರಿ ಎಂದಿದ್ದೆ. ನಾನು ಬಹಳ ಜಾಣೆ ಎಂದುಕೊಂಡಿದ್ದೆ. ಹಾಳೆ ಬಿಚ್ಚಿದರೆ ಮುಕ್ಕಾಲುಪಾಲು ಹೆಂಗಸರು ಬರೆದದ್ದು ಒಂದೇ ಹೆಸರು, ಊರು ಕಾಯುವ ತಾಯಿ ದೇವೀರಮ್ಮ! ಯಾವ ದೇವೀರಮ್ಮನ ಮೊದಲ ಹಾಳೆಗೆ ಯಾವ ದೇವೀರಮ್ಮನ ಎರಡನೆಯ ಹಾಳೆ ಜೋಡಿ? ಮಾಡಿದ್ದುಣ್ಣೋ ಮಹಾರಾಯ ಎಂದು ತಲೆ ಮೇಲೆ ಕೈಹೊತ್ತು ಕೂತೆ.

ನನ್ನ ಜೊತೆ ಓದುವ ರೇವಂತ್ ಸುಲಭದ ದಾರಿ ಹೇಳಿದ: "ಎರಡ್ ಸಲಾನೂ ತುಂಬಿದ್ದು ಬೇರೆ ಬೇರೆ ಜನ ಅಂತ ತಿಳ್ಕೊಂಡು ಟಿ-ಟೆಸ್ಟ್ ಮಾಡ್ಬುಡು, ಯಾರ್ ಕೇಳ್ತಾರೆ?" ಎರಡು ಗುಂಪಿನ ಸರಾಸರಿ ಹೋಲಿಸುವ ಆ ಲೆಕ್ಕವನ್ನೂ ಮಾಡಿ ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ, ಹೊಗೆ ಎಂದು ಮಾವನಿಗೆ ಸುಳ್ಳು ಹೇಳಿದೆ. ಆದರೆ ಆ ಟೆಸ್ಟೇ ಇಲ್ಲಿಗೆ ಸಲ್ಲದು ಅತ್ತೆ. ಮಗು ಬೆಳೆದಿದೆಯೇ ಎಂದು ನೋಡಲು ಅದರದೇ ಹಳೆಯ ಗೆರೆಯ ಪಕ್ಕ ನಿಲ್ಲಿಸುತ್ತೇವೆ, ಪಕ್ಕದ ಮನೆಯ ಮಗುವಿನ ಪಕ್ಕ ಅಲ್ಲ. ಮೇಲಾಗಿ 'ಸ್ವಲ್ಪ ಭಯ', 'ತುಂಬ ಭಯ' ಎನ್ನುವುದು ಸೇರಿನ ಹಾಗೆ ಒಂದೇ ಸಮ ಅಳತೆಯಲ್ಲ. ಇಂಥದ್ದಕ್ಕೆ ಒಬ್ಬೊಬ್ಬರ ಈಗಿನ ಭಯವನ್ನು ಅವರದೇ ಹಿಂದಿನ ಭಯದ ಜೊತೆಗೆ ಹೋಲಿಸುವ ವಿಲ್ಕಾಕ್ಸನ್ ಎಂಬ ಟೆಸ್ಟ್ ಇದೆ. ಬೇಕಾದ ಉತ್ತರ ಸಿಗುವವರೆಗೆ ಟೆಸ್ಟ್ ಬದಲಿಸುವುದು ಮೋಸವಾದ್ದರಿಂದ, ಉತ್ತರ ಏನೇ ಬರಲಿ ಇನ್ನು ಇದೇ ಟೆಸ್ಟ್ ಎಂದು ನಮ್ಮ ಗೈಡ್‌ಗೆ ಮೊದಲೇ ಬರೆದು ಕಳಿಸಿದೆ. ಅದಕ್ಕೆ ಜೋಡಿಗಳು ಸಿಗಲೇಬೇಕಿತ್ತು.

ಗುರುವಾರ ಹಾಳೆಗಳ ಕಟ್ಟು ಹೊತ್ತುಕೊಂಡು ಜಗಲಿಗೆ ಹೋದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತೋಟದ ಕೆಲಸಗಾರರ ಲೈನ್ ಮನೆಯ ನಂಜಮ್ಮ ಮಾತ್ರ ನನಗೇ ಗದರಿದರು: "ಗುಟ್ಟಿನ ಹೆಸರು ಅಂದ್ಯಲ್ಲವ್ವ. ನಮ್ ಗುಟ್ಟು ಕಾಯಕ್ಕೆ ದೇವೀರಮ್ಮನ್ನ ಬುಟ್ರೆ ಇನ್ಯಾರವ್ರೆ?" ಹಾಳೆಗಳನ್ನು ಒಳಗಿನ ಮೇಜಿನ ಮೇಲೆ ಹರಡಿಟ್ಟೆ. ಕೊನೆಗೆ ಒಬ್ಬೊಬ್ಬರೇ ಶಾಲೆಯ ಕೋಣೆಯೊಳಗೆ ಹೋಗಿ, ಅಕ್ಷರದ ಗುರುತು ಹಿಡಿದು, ತಮ್ಮ ಎರಡೂ ಹಾಳೆ ಹುಡುಕಿ ಪಿನ್ನು ಹಾಕಿ ಬಂದರು. ಆಶಾ ಹೊರಗೆ ಬಂದವಳೇ, "ನನ್ ಭಯ ಓಡೋಗಿಲ್ಲ ಕಣಕ್ಕ, ಒಂದ್ ಮೆಟ್ಲು ಇಳ್ದೈತೆ ಅಷ್ಟೆ" ಎಂದಳು. ಟೆಸ್ಟ್ ಹೇಳಿದ್ದೂ ಅದನ್ನೇ. ಇಬ್ಬರಿಗೆ ಭಯ ಹೆಚ್ಚಾಗಿದೆ, ಹೆಚ್ಚಿನವರಿಗೆ ಸ್ವಲ್ಪ ಸ್ವಲ್ಪ ಇಳಿದಿದೆ, ಇದು ಆಕಸ್ಮಿಕವಿರಲಾರದು. ಗೈಡ್ ಒಪ್ಪಿದರು, ಮುಂದಿನ ತಿಂಗಳು ಬಾಳ್ಳುಪೇಟೆ ಕಡೆ ತರಗತಿ ಶುರು. ಖುಷಿಗೆ ಮಾವ ಅಲ್ಲಿಂದಲೇ ಮೈಸೂರುಪಾಕು ತಂದರು, ಅರ್ಧ ದಾರಿಯಲ್ಲೇ ಖಾಲಿಯಾಗಿತ್ತು.

ಗಗನಾಳಿಗೆ ನನ್ನ ನೆನಪು ಹೇಳಿ, ಅವಳ ಮಕ್ಕಳಿಗೆ ಮುತ್ತು. ಮಾತ್ರೆ ತಪ್ಪಿಸಬೇಡಿ. ನನ್ನ ತಲೆಯ ಮೇಲೆ ನಿಮ್ಮ ಕೈಯಿರಲಿ.

ನಿಮ್ಮ
ಚೈತ್ರಶ್ರೀ

ಮರೆತಿದ್ದೆ: ಎಲ್ಲರೂ ಜೋಡಿ ಮಾಡಿದ ಮೇಲೆ ಮೊದಲ ಸಲದ ಒಂದು ಹಾಳೆ ಉಳಿದುಬಿಟ್ಟಿತು. ಎರಡನೆಯ ಸಲ ಊರಲ್ಲಿ ಇಲ್ಲದಿದ್ದವರು ನೀವೊಬ್ಬರೇ. ಯಾರದೆಂದು ತಿಳಿಯದೆ ಓದಿದ್ದೆ, ಈಗ ತಿಳಿದ ಮೇಲೆ ಅದರಲ್ಲಿದ್ದದ್ದನ್ನು ಮರೆತಿದ್ದೇನೆ. ಜೋಡಿಯಿಲ್ಲದ ಹಾಳೆಯನ್ನು ಲೆಕ್ಕದಿಂದ ಬಿಡಬೇಕೆಂಬುದು ನಿಯಮ, ಬಿಟ್ಟೆ. ಮನೆಯಲ್ಲಿ ನಿಮ್ಮನ್ನು ಬಿಟ್ಟು ನನಗೆ ಆಗುವುದಿಲ್ಲ ಅತ್ತೆ. ಭಯ ಹೋದ ಮೇಲೆ ಬರುತ್ತೇನೆ ಎನ್ನಬೇಡಿ, ಇಲ್ಲಿ ಯಾರದ್ದೂ ಹೋಗಿಲ್ಲ. ಶುಕ್ರವಾರ ನಿಮ್ಮ ಮಗ ಜೀಪು ತರುತ್ತಾರೆ. ಭಯದ ಜೊತೆಗೇ ಹತ್ತಿಕೊಂಡು ಬನ್ನಿ.