ಎಡಬದಿಗೆ ಯಾರನ್ನು ತರಬೇಕಿತ್ತು

ದೇವದುರ್ಗ
೬ ಮಾರ್ಚ್ ೧೯೮೩, ಭಾನುವಾರ

ಚಿ. ಸೂಗಪ್ಪನಿಗೆ,

ಅಕ್ಕ ನೀಲಗಂಗಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ರೂಢಿ, ಆದ್ದರಿಂದ ಬರೆದಿದ್ದೇನೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಪರೀಕ್ಷೆ ಹತ್ತಿರ ಬಂತು ಎನ್ನುವ ನೆಪವೂ ನನ್ನ ಹತ್ತಿರ ಇದೆ. ನಿಜ ಹೇಳಬೇಕೆಂದರೆ, ಹಿಂದೆ ಬರೆಯಲು ಕೂತಾಗಲೆಲ್ಲ ಸಿಟ್ಟಿಗೆ ಹಾಳೆ ಹರಿದು ಎದ್ದು ಹೋಗಿದ್ದೆ. ಇವತ್ತು ಹಾಳೆ ಹರಿಯುವುದಿಲ್ಲ. ಸಿಟ್ಟು ಹಾಗೇ ಇದೆ. ಬಸ್ಸಮ್ಮ ಮತ್ತು ಮಕ್ಕಳು ಆರಾಮಿದ್ದಾರೆಂದು ತಿಳಿದು ಸಂತೋಷವಾಯಿತು. ನೀನೂ ಆರಾಮಿದ್ದೀ ಎಂದು ನಿನ್ನ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ನಿದ್ದೆಗೆಟ್ಟವರ ಅಕ್ಷರ ಅಷ್ಟು ದುಂಡಗಿರುವುದಿಲ್ಲ.

ಕಾಗದದ ತುಂಬ ನೀನು ವಾದಿಸಿರುವುದು ಒಂದೇ ಮಾತು. ಜನವರಿಯ ಪಂದ್ಯಾವಳಿಗೆ ನಿಮ್ಮ ರಾಯಚೂರಿನ ಕೋಟೆ ಬಾಸ್ಕೆಟ್‌ಬಾಲ್ ಸಂಘ ಹೊರಗಿನಿಂದ ಒಬ್ಬ ಅನುಭವಿ ಆಟಗಾರನನ್ನು ತರಬಹುದಿತ್ತು. ಎಡಬದಿಗೆ ಆಡುವವನೇ ಬೇಕಿತ್ತು. ಕಾರ್ಯದರ್ಶಿಯಾದ ನೀನು ಮಾನ್ವಿಯ ಶಂಶುದ್ದೀನನನ್ನು ಬಿಟ್ಟು ಇಲ್ಲಿಯ ವಿರೂಪಣ್ಣನನ್ನು ತಂದೆ. ಅದು ಸರಿಯಾಗಿಯೇ ಇತ್ತು, ಸೆಮಿಫೈನಲ್ ಸೋತದ್ದು ಹಣೆಬರಹ, ಎನ್ನುತ್ತೀ. ಕೊನೆಗೆ ಒಂದು ಸಾಲು ಸೇರಿಸಿದ್ದೀ: 'ಪದ್ಯ ಓದೋ ನಿನಗ ಬಾಲಿನ ಉಸಾಬರಿ ಯಾಕ ಬೇಕು?'

ಬೇಕಾಗಿದೆ. ಆ ಆಯ್ಕೆಯಿಂದ ನೀನು ಕಳೆದುಕೊಂಡದ್ದು ಒಂದು ಕಪ್ಪು. ನಾನು ಹಸೀನಾಳನ್ನು ಕಳೆದುಕೊಳ್ಳುತ್ತಿದ್ದೇನೆ. ಆಕೆ ಶಂಶುದ್ದೀನನ ಅಕ್ಕ ಎನ್ನುವುದನ್ನು, ಹೈದರಾಬಾದಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವಳು ಎನ್ನುವುದನ್ನು ನಿನಗೆ ನೆನಪಿಸಬೇಕಾಗಿ ಬಂದದ್ದೇ ನನಗೆ ನಾಚಿಕೆ. ಇರಲಿ, ಮೊದಲು ಬಾಲಿನ ಉಸಾಬರಿಯೇ ಆಗಲಿ. ನೀನು ಓಣಿಯಲ್ಲಿ ಗೋಲಿ ಆಡುತ್ತಿದ್ದ ಕಾಲಕ್ಕೆ ನಾವಿಬ್ಬರೂ ಕಾಲೇಜಿನ ಎತ್ತರದ ಗೋಡೆಯೊಳಗೆ ಈ ಆಟ ಆಡಿದವರು. ನಾನು ಹಿಂದೆ ನಿಂತು ಬಾಲು ತಡೆಯುತ್ತಿದ್ದೆ, ಆಕೆ ಎಡಬದಿಯಿಂದ ಎಸೆಯುತ್ತಿದ್ದಳು. ಊರಿಗೆ ಹೋದ ಮೇಲೆ ಮಾನ್ವಿಯ ಮನೆಯ ಬೇವಿನ ಮರಕ್ಕೆ ಕಬ್ಬಿಣದ ಬಳೆ ಬಡಿಸಿ ತಮ್ಮನಿಗೆ ಕಲಿಸಿದವಳೂ ಆಕೆಯೇ. ಶಂಶುದ್ದೀನನ ಎಡಗೈಯನ್ನು ನೀನು ಕಾಗದದಲ್ಲಿ 'ನಂಬಂಗಿಲ್ಲದ ಕೈ' ಎಂದಿದ್ದೀಯಲ್ಲ, ಆ ಕೈ ಯಾವ ಶಾಲೆಯಲ್ಲಿ ಕಲಿತದ್ದೆಂದು ನನಗೆ ಗೊತ್ತು.

ವಿರೂಪಣ್ಣ ಆರಡಿ ಇದ್ದಾನೆ ಎನ್ನುತ್ತೀ. ಹೌದು, ನಿಂತಾಗ. ಆ ಹಳೇ ಪೆಟ್ಟಿನ ಮೊಳಕಾಲಿಗೆ ಪಟ್ಟಿ ಕಟ್ಟಿಕೊಂಡು ಅವನು ಜಿಗಿದದ್ದನ್ನು ಪಂದ್ಯಾವಳಿಯಲ್ಲಿ ಯಾರಾದರೂ ಕಂಡಿದ್ದರೆ ಅವರ ವಿಳಾಸ ಕಳಿಸು. ಅವನು ಯೂನಿವರ್ಸಿಟಿಗೆ ಆಡಿದವ ಎನ್ನುತ್ತೀ. ಆಡಿದ್ದು ಯಾವ ಕಾಲದಲ್ಲಿ? ಹಾಗೆ ನೋಡಿದರೆ ನನ್ನನ್ನೂ ಕರೆಯಬಹುದಿತ್ತು. ಶಂಶುದ್ದೀನ ಗಿಡ್ಡ, ನಿಜ. ಹಿಂದಕ್ಕೆ ಓಡಿ ತಡೆಯುವುದರಲ್ಲಿ ಸೋಮಾರಿ, ರೆಫ್ರಿಯ ಜೊತೆ ಜಗಳ ತೆಗೆಯುತ್ತಾನೆ, ಅಂಗಡಿ ಮುಚ್ಚದೆ ಪ್ರಾಕ್ಟೀಸಿಗೆ ಬರುವುದಿಲ್ಲ. ಇವೆಲ್ಲ ನಾನೂ ಒಪ್ಪುತ್ತೇನೆ. ಆದರೆ ನಿನಗೆ ಬೇಕಾಗಿದ್ದದ್ದು ಓಡುವವನಲ್ಲ. ಓಡುವ ಹುಡುಗರು ನಿನ್ನ ಹತ್ತಿರ ಬೇಕಾದಷ್ಟಿದ್ದರು. ಎಡಮೂಲೆಯಲ್ಲಿ ನಿಂತು, ಕೈಗೆ ಬಂದ ಬಾಲನ್ನು ನೆಲಕ್ಕೆ ಬಡಿಯದೆ ಎಸೆಯುವವ ಒಬ್ಬ ಬೇಕಿತ್ತು.

ಬಳ್ಳಾರಿಯವರು ಮಾಡಿದ್ದನ್ನು ನಾನು ಹೆಂಗಸರ ಶಾಮಿಯಾನದಲ್ಲಿ ಕೂತು ಪೂರ್ತಿ ನೋಡಿದ್ದೇನೆ. ನಿಮ್ಮಲ್ಲಿ ಬುಟ್ಟಿಯ ಕೆಳಗೆ ನಿಂತು ಆಡುವವ ಲಾಲ್ ಸಾಬನ ಮಗ ಮೌಲಾಹುಸೇನ ಒಬ್ಬನೇ ಎಂದು ಅವರಿಗೆ ಬೇಗ ತಿಳಿಯಿತು. ಮೂವರು ಅವನನ್ನೇ ಸುತ್ತುಗಟ್ಟಿದರು. ಎಡಮೂಲೆ ಸಂತೆ ಮುಗಿದ ಮೈದಾನದ ಹಾಗೆ ಖಾಲಿ ಬಿದ್ದಿತ್ತು. ಬಾಲು ಅಲ್ಲಿಗೇ ಬಂತು, ಮತ್ತೆ ಮತ್ತೆ ಬಂತು. ವಿರೂಪಣ್ಣ ಏನು ಮಾಡಿದ? ಬಾಲನ್ನು ನೆಲಕ್ಕೆ ಬಡಿದ, ಬಲಕ್ಕೆ ಹೊರಳಿದ, ತನ್ನ ಹರೆಯದಲ್ಲಿ ಎಸೆಯುತ್ತಿದ್ದ ನಟ್ಟನಡುವಿನ ಜಾಗಕ್ಕೆ ನಡೆದ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಳ್ಳಾರಿಯ ಹುಡುಗರು ಬಂದು ಕೈ ಎತ್ತಿ ನಿಂತಿರುತ್ತಿದ್ದರು.

ಲಾಲ್ ಸಾಬ್ ಹಗ್ಗದ ಆಚೆಯಿಂದ ಕೂಗಿದ್ದು ನೀನೂ ಕೇಳಿರಬೇಕು. 'ಲೇ ವಿರೂಪಣ್ಣಾ, ಅಲ್ಲಿಂದಲೇ ಒಗಿಯಲೇ. ಮನಿಗೆ ಹೋಗಿ ಬಂದು ಒಗಿತೀಯೇನು?'

ಹಿಂದಿನಿಂದ ಯಾರೋ, 'ಸುಮ್ಕಿರೋ ಸಾಬಾ, ಸೂಗಪ್ಪನ ಮನಿ ಹೋಳಿಗಿ ಇನ್ನಾ ಕರಗಿಲ್ಲ ಅವಂಗ' ಅಂದರು. ಶಾಮಿಯಾನದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಹೋಳಿಗೆಯ ಮಾತಿನ ಹಿಂದೆ ಏನಿದೆಯೆಂದು ನನಗೆ ಆಗ ಗೊತ್ತಿರಲಿಲ್ಲ.

ಐದು ಪಾಯಿಂಟಿನಿಂದ ಸೋತಿರಿ. ಇದನ್ನು ಹಣೆಬರಹ ಎನ್ನುವವನಿಗೆ ಎರಡು ಕಣ್ಣು ಕೊಟ್ಟದ್ದು ದಂಡ.

ಈಗ ಹೋಳಿಗೆಯ ಮಾತು. ಸಂಘದ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಹೊರಗಿನಿಂದ ಬಂದ ಆಟಗಾರ ಕಾರ್ಯದರ್ಶಿಯ ಮನೆಯಲ್ಲೇ ಇರಬೇಕು. ಮೊದಲ ರಾತ್ರಿ, ನೀನು ದುಡಿಯುವ ಮಿಲ್ಲಿನ ಸಾಹುಕಾರರನ್ನೂ ಹೋಳಿಗೆ ಊಟಕ್ಕೆ ಕರೆದು, ಪಡಸಾಲೆಯಲ್ಲಿ ಒಂದೇ ಪಂಕ್ತಿಗೆ ಎಲೆ ಹಾಕಿ, ಆಟಗಾರನ ಎಲೆಗೆ ಮೊದಲು ಬಡಿಸಬೇಕು. ನೀನು ತಂಡಕ್ಕೆ ಬದಿಯ ಆಟಗಾರನನ್ನು ಆರಿಸಲಿಲ್ಲ ಸೂಗಪ್ಪ, ಪಂಕ್ತಿಗೆ ಕೂಡುವವನನ್ನು ಆರಿಸಿದೆ. 'ನಾ ಜಾತಿ ನೋಡಂಗಿಲ್ಲ, ನಮ್ಮ ತಂಡದಾಗ ಮೌಲಾಹುಸೇನ ಇಲ್ಲೇನು?' ಎಂದು ಬರೆದಿದ್ದೀ. ಇದ್ದಾನೆ. ಆಟ ಮುಗಿಸಿ ಅವನು ಊಟಕ್ಕೆ ತನ್ನ ಮನೆಗೆ ಹೋಗುತ್ತಾನೆ.

ಇಷ್ಟೇ ಆಗಿದ್ದರೆ ನಿನ್ನನ್ನು ಹೇಡಿ ಎಂದು ಕರೆದು ಈ ಕಾಗದ ಮುಗಿಸುತ್ತಿದ್ದೆ. ಆದರೆ ಹೋದ ತಿಂಗಳು ವಿರೂಪಣ್ಣ ತಾಲೂಕು ಕಚೇರಿಯಿಂದ ನೆಟ್ಟಗೆ ನನ್ನ ಮನೆಗೆ ಬಂದ. ಕೈಯಲ್ಲಿ ಪೇಡೆಯ ಪೊಟ್ಟಣ.

'ಅಕ್ಕಾರ, ನಿಮ್ಮ ಉಪಕಾರ ಮರಿಯಂಗಿಲ್ಲ ನೋಡ್ರಿ.'

'ಯಾವ ಉಪಕಾರಪ್ಪಾ?'

'ಅಯ್ಯ, ನಿಮ್ಮಿಂದ ಅಲ್ಲೇನ್ರಿ ನನಗ ಜಾಗ ಸಿಕ್ಕಿದ್ದು? ಶಂಶುದ್ದೀನ ಆಗಲೇ ಬಂದು ಕೋರ್ಟಿನಾಗ ಬೂಟು ಕಟ್ಟಾಕತ್ತಿದ್ದ. ಸೂಗಪ್ಪಣ್ಣ ಎಲ್ಲಾರ ಮುಂದ ಹೇಳಿಬಿಟ್ಟ. “ನಂದೇನಿಲ್ಲಪಾ, ಮನಿ ಅಕ್ಕನ ಹೆಸರಿಲೆ ಅದ, ನಿನ್ನ ಎಲಿ ನಮ್ಮ ಪಡಸಾಲ್ಯಾಗ ಬೀಳೋದು ಆಕಿಗೆ ಒಗ್ಗಂಗಿಲ್ಲ” ಅಂದ. ಅವ ಬೂಟು ಬಿಚ್ಚಿ ಚೀಲಕ್ಕ ಹಾಕ್ಕೊಂಡು ಹೊಂಟ ಹ್ವಾದ.' ಆಮೇಲೆ ದನಿ ತಗ್ಗಿಸಿ ಹೇಳಿದ, 'ನೀವು ಗಟ್ಟಿ ನಿಂತದ್ದು ಛಲೋ ಆತು ಬಿಡ್ರಿ. ಎಲ್ಲೋ ಒಂದು ಕಡಿ ಗೆರಿ ಹಾಕಬೇಕ.'

ವಿರೂಪಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವನು ನಿಜವಾಗಿ ಕೃತಜ್ಞನಾಗಿದ್ದ. ನನ್ನ ಬಾಯಿಂದ ಹೊರಡದ ಮಾತಿಗೆ ನನ್ನ ಕೈಗೇ ಪೇಡೆ ಕೊಟ್ಟು ಹೋದ.

ಮರುವಾರ ಗಬ್ಬೂರಿನ ಬಸ್ಸು ಹಿಡಿದು ರಾಯಚೂರಿಗೆ ಬಂದೆ. ನೀನು ಮಿಲ್ಲಿಗೆ ಹೋಗಿದ್ದೆ. ಬಸ್ಸಮ್ಮನನ್ನು ಕೇಳಿದೆ. ಆಕೆ ಹಿಟ್ಟಿನ ಕೈ ಒರೆಸಿಕೊಂಡು ಹೇಳಿದಳು, 'ನಾನೆಲ್ಲಿ ಬ್ಯಾಡ ಅಂದೀನ್ರಿ ಅಕ್ಕಾರ? ಮಾನ್ವಿಯಿಂದ ಬರ್ತಾರಂತ ಅಟ್ಟದ ಮ್ಯಾಲಿನ ಹಾಸಿಗಿ ಸೈತ ಬಿಸಲಿಗೆ ಹಾಕಿದ್ದೆ. ಸಾಹುಕಾರ್ರು ಮಾರಿ ಸಣ್ಣದು ಮಾಡಿದ್ರಂತ, ಇವರು ಹೆದರಿದ್ರು.' ನಾನು ಬೇಡ ಅಂದಿಲ್ಲ, ನಿನ್ನ ಹೆಂಡತಿ ಬೇಡ ಅಂದಿಲ್ಲ. ಸಾಹುಕಾರರೂ ಬಾಯಿ ಬಿಟ್ಟು ಬೇಡ ಅಂದಿರಲಿಕ್ಕಿಲ್ಲ. ಅವರು ಮುಖ ಸಣ್ಣದು ಮಾಡಿದ್ದಕ್ಕೆ ನೀನು ಅಕ್ಕನ ಸೆರಗಿನ ಹಿಂದೆ ಅಡಗಿದೆ. ಮದುವೆಯಾಗದ ಮಗಳಿಗೆ ಒಂದು ನೆರಳಿರಲಿ ಎಂದು ಅವ್ವ ನನ್ನ ಹೆಸರಿಗೆ ಬರೆದ ಮನೆ ಅದು. ಅದನ್ನು ಒಬ್ಬ ಮನುಷ್ಯನನ್ನು ಹೊರಗೆ ನಿಲ್ಲಿಸುವ ಗೋಡೆ ಮಾಡಿಕೊಂಡೆ.

ಅಲ್ಲಿಂದ ಮರಳಿ ಬಂದವಳು ಮುಂದಿನ ರಜೆಗೆ ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿಗೆ ಹೋದೆ. ಅರಿವೆ ಅಂಗಡಿಯಲ್ಲಿ ಶಂಶುದ್ದೀನ ಗಿರಾಕಿಗೆ ಲುಂಗಿ ಬಿಚ್ಚಿ ತೋರಿಸುತ್ತಿದ್ದ. ಎದ್ದು ನಿಂತು, 'ಬರ್ರಿ ಆಪಾ, ಒಳಗ ಅಕ್ಕ ಅದಾಳ' ಎಂದ. ಸೆಮಿಫೈನಲಿನ ಸುದ್ದಿ ಅವನೇ ತೆಗೆದ. 'ವಿರೂಪಣ್ಣಂದು ತಪ್ಪಿಲ್ರಿ. ಅವನ್ನ ಬಲಬದಿಗೆ ನಿಲ್ಲಿಸಿದ್ರ ಇನ್ನಾ ಎರಡು ವರ್ಷ ಆಡ್ತಾನ. ಸೂಗಪ್ಪಣ್ಣಗ ಹೇಳ್ರಿ.' ಸೋತವರ ತಂಡವನ್ನು ಸರಿಪಡಿಸಲು ಅವನು ಇನ್ನೂ ಯೋಚಿಸುತ್ತಿದ್ದ. ನಾನು ತಲೆ ಎತ್ತಲಾರದೆ ಒಳಗೆ ಹೋದೆ.

ಹಸೀನಾ ವಿಧವೆಯಾದ ಮೇಲೆ ತಮ್ಮನ ಮನೆಯಲ್ಲೇ ಇರುವುದು ನಿನಗೆ ಗೊತ್ತು. ಆ ಮನೆಯ ಬಾಗಿಲಲ್ಲಿ 'ನೀಲಾ, ಬಾರ' ಎನ್ನುವ ಕೂಗು ಕೇಳದೆ ನಾನು ಒಂದು ಸಲವೂ ಒಳಗೆ ಕಾಲಿಟ್ಟವಳಲ್ಲ. ಆವತ್ತು ಆಕೆ ಖುರ್ಚಿ ಸರಿಸಿ, 'ಬರ್ರಿ ಮೇಡಂ, ಕೂಡ್ರಿ' ಅಂದಳು. ಕಾಲೇಜು ಹೆಂಗದ, ಬಿಸಲು ಭಾಳ ಅದ, ಎಂದಳು. ಆಮೇಲೆ ಅಂಗಡಿಯಿಂದ ಸೋಡಾ ತರಿಸಿ, ಬಾಟ್ಲಿಯನ್ನು ಹಾಗೇ ನನ್ನ ಮುಂದಿಟ್ಟಳು. ಲೋಟ ಇಲ್ಲ.

'ಚಹಾ ಮಾಡಂಗಿಲ್ಲೇನು ಹಸೀನಾ?'

'ಹಾಲು ಒಡದದರಿ.'

ಸೂಗಪ್ಪ, ಆ ಮನೆಯ ಬಟ್ಟಲಲ್ಲಿ ನಾನು ಎಷ್ಟು ರಂಜಾನಿಗೆ ಶ್ಯಾವಿಗೆಯ ಸುರಕುಂಬಾ ಕುಡಿದಿದ್ದೇನೆ! ನೀನೂ ಕುಡಿದು, ಇನ್ನೊಂದು ಬಟ್ಟಲು ಕೇಳಿದವನು. ಯುಗಾದಿಗೆ ಆಕೆ ನಮ್ಮ ಅದೇ ಪಡಸಾಲೆಯಲ್ಲಿ ಅವ್ವನ ಪಕ್ಕ ಕೂತು ಉಂಡವಳು. ಊಟದ ಮೇಲೆ ಆಕೆ ಉರ್ದು ಶೇರ್ ಹೇಳುವುದು, ನಾನು ವಚನ ಹೇಳುವುದು, ಅವ್ವ ಎರಡಕ್ಕೂ ತಲೆದೂಗಿ ನಡುವೆ ತೂಕಡಿಸುವುದು. ಆ ಮಧ್ಯಾಹ್ನಗಳಷ್ಟು ನನ್ನದಾದದ್ದು ನನ್ನ ಬದುಕಿನಲ್ಲಿ ಬೇರೆ ಏನೂ ಇಲ್ಲ. ಅಂಥ ಹೆಂಗಸು ನನಗೆ ಮುಸುರೆಯಾಗಬಾರದೆಂದು ಬಾಟ್ಲಿ ತರಿಸಿದ್ದಳು. ನಾನು ಆ ಸೋಡಾ ಕುಡಿದೆ. ಕುಡಿಯದೆ ಎದ್ದಿದ್ದರೆ ನಿನ್ನ ಮಾತೇ ನಿಜವಾಗುತ್ತಿತ್ತು.

ಈಗ ಕೇಳು. ಯುಗಾದಿಯೊಳಗೆ ನೀನು ಮಾನ್ವಿಗೆ ಹೋಗಬೇಕು. ಚೀಟಿ ಕೊಟ್ಟು ಯಾರನ್ನೋ ಕಳಿಸುವುದಲ್ಲ, ನೀನೇ ಹೋಗಬೇಕು. ಅಂಗಡಿಯಲ್ಲಿ ಗಿರಾಕಿ ಇದ್ದಾಗಲೇ, ಹಸೀನಾಳೂ ಕೇಳುವ ಹಾಗೆ, 'ಆ ಮಾತು ನನ್ನದು, ಅಕ್ಕನದಲ್ಲ' ಎಂದು ಹೇಳಬೇಕು. ಆಟದ ಕೋರ್ಟಿನಲ್ಲಿ ನಾಲ್ಕು ಜನರ ಮುಂದೆ ಸುಳ್ಳು ಹೇಳುವ ಧೈರ್ಯ ಇದ್ದವನಿಗೆ ಇದು ಕಷ್ಟವಾಗಬಾರದು. ಸಾಹುಕಾರರು ಮುಖ ಸಣ್ಣದು ಮಾಡಿದರೆ ಮಾಡಲಿ. ಅವರ ಮುಖ ದೊಡ್ಡದಾಗಿದ್ದದ್ದು ನಾನಂತೂ ಯಾವತ್ತೂ ಕಂಡಿಲ್ಲ. ನೀನು ಹೋಗದಿದ್ದರೆ, ಮನೆ ನನ್ನ ಹೆಸರಿನಲ್ಲಿದೆ ಎಂದು ನೀನೇ ಸಾರಿದ್ದೀಯಲ್ಲ, ಮುಂದಿನ ಪಂದ್ಯಾವಳಿಗೆ ನಾನೇ ರಜೆ ಹಾಕಿ ಬರುತ್ತೇನೆ. ಪಡಸಾಲೆಯಲ್ಲಿ ಯಾರ ಎಲೆ ಮೊದಲು ಬೀಳಬೇಕು, ಯಾರದು ಬೀಳಬಾರದು ಎನ್ನುವುದನ್ನು ನಿನ್ನ ಸಾಹುಕಾರರ ಎದುರಿಗೇ ಹೇಳುತ್ತೇನೆ. ಅಲ್ಲಿಯತನಕ ನಾನು ಆ ಹೊಸ್ತಿಲು ದಾಟುವುದಿಲ್ಲ.

ಬಿಸಿಲು ಏರುತ್ತಿದೆ, ಮಕ್ಕಳನ್ನು ಮಧ್ಯಾಹ್ನ ಹೊರಗೆ ಬಿಡಬೇಡಿರಿ. ದೊಡ್ಡವನಿಗೆ ಗಣಿತ ಹೇಳಿಕೊಡುವುದನ್ನು ನಿಲ್ಲಿಸಬೇಡ. ಬಸ್ಸಮ್ಮನಿಗೆ ನನ್ನ ಮೇಲೆ ಯಾವ ಬೇಸರವೂ ಬೇಡವೆಂದು ಹೇಳು. ಆ ಮನೆಯಲ್ಲಿ ಆಕೆಯೊಬ್ಬಳೇ ನೆಟ್ಟಗೆ ನಡೆದುಕೊಂಡವಳು. ಸೂಗೂರೇಶ್ವರ ನಿನಗೆ ಆಯುಷ್ಯ ಕೊಡಲಿ, ಅದರ ಜೊತೆಗೆ ಒಂದಿಷ್ಟು ಬೆನ್ನೆಲುಬನ್ನೂ ಕೊಡಲಿ.

ನಿನ್ನ ಅಕ್ಕ,
ನೀಲಗಂಗಮ್ಮ

ತಾ.ಕ. — ಮೇಲೆ ಬರೆಯಲಾರದ್ದು ಇದು. ಹೊರಟಾಗ ಹಸೀನಾ ಬಾಗಿಲ ತನಕ ಬಂದಳು. 'ನಾ ಆ ಮಾತು ಆಡಿಲ್ಲ' ಅಂದೆ. 'ಗೊತ್ತದ,' ಅಂದಳು, 'ಮರುದಿವಸನ ಶಂಶು ಅಂದ, ಇದು ಸೂಗಪ್ಪನ ಮಾತು ಇದ್ದಂಗದ ಅಂತ.' ಮತ್ತೆ ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದೆ. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದಳು, 'ಮೊದಲ ಕೇಳಿದಾಗ ನನಗ ಅಚ್ಚರಿ ಆಗಲಿಲ್ಲ ನೀಲಾ. ಇರಬಹುದು, ಅಂದಿರಬಹುದು, ಅನಿಸ್ತು. ನಿನ್ನ ಮ್ಯಾಲೆ ನನಗ ಹಂಗ ಅನಿಸ್ತಲ್ಲ, ಅದಕ್ಕ ನಿನ್ನ ಮಾರಿ ನೋಡಾಕ ಆಗವಲ್ದು.' ಶಂಶುದ್ದೀನ ನಿನ್ನನ್ನು ಕ್ಷಮಿಸಿಯಾನು, ದೊಡ್ಡ ಮನಸ್ಸಿನವ. ಇದಕ್ಕೆ ನಿನ್ನಿಂದ ಆಗುವುದು ಏನೂ ಇಲ್ಲ. ಆದರೂ ಹೋಗು.