ಮೇ ತಿಂಗಳಲ್ಲಿ ಹತ್ತಿದ ಮೀನು

ಮೇ 12, ಬೆಳಿಗ್ಗೆ

ಸೆಖೆಗೆ ಹಾಲು ಒಡೆಯಿತು. ಕಪ್ಪು ಚಾ ಕುಡಿದೆ. ಶಾಲೆಗೆ ರಜೆ, ಹಾಗಾಗಿ ಬಿಸಿಯೂಟದ ಒಲೆಯಿಂದ ನನಗೂ ರಜೆ. ಟಿವಿಯಲ್ಲಿ ಮತ್ತೆ ವಾಯುಭಾರ ಕುಸಿತ. ಅರಬ್ಬಿ ಸಮುದ್ರ ಬಿಸಿಯಾಗಿದೆಯಂತೆ. ಹೇಳುವವನು ಕೋಟು ಹಾಕಿಕೊಂಡು ಎಸಿಯಲ್ಲಿ ಕೂತಿದ್ದಾನೆ. ಸಿಟ್ಟು ಬಂದು ಬಂದ್ ಮಾಡಿದೆ.

ಮೇ 14

ನಿನ್ನೆ ಹಗಲಿಡೀ ಹೊಡೆಯಿತು ಮಳೆ. ತೋಡಿನ ಹಳ್ಳ ಉಕ್ಕಿ ಬೈಲಿನ ಗದ್ದೆಗಳಿಗೆ ನುಗ್ಗಿತು. ಬೆಳಿಗ್ಗೆ ಹೋದರೆ — ಮೀನು ಹತ್ತುತ್ತಿದೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೊಟ್ಟೆ ಇಡಲು ಬರುವ ಮೀನು. ಜೂನ್‌ನಲ್ಲಿ ಬರಬೇಕಾದದ್ದು. ನಮ್ಮೂರು ತಲ್ಲೂರು ಪೂರ್ತಿ ಬೈಲಿನಲ್ಲೇ ಇತ್ತು, ಕತ್ತಿ, ಬಲೆ, ಸೊಳ್ಳೆಪರದೆ ಹಿಡಿದು. ತಮ್ಮ ಶೇಖರ ಗೋಣಿ ತುಂಬ ಮುಗುಡು ಮೀನು ತಂದು ಅಡುಗೆಮನೆಯಲ್ಲಿ ಸುರಿದ.

"ಅಕ್ಕ, ಕಾಣ್, ಹೊಟ್ಟಿ ತುಂಬ ಮೊಟ್ಟಿ ಇತ್ತ್. ಸಾರ್ ಮಾಡ್."

"ಇದ್ ಮಳೆಗಾಲ ಅಲ್ಲ ಶೇಖರ. ನಾಳೆ ನೀರಿಳಿತ್ತ್. ಉಳ್ದದ್ದಾರೂ ಮೊಟ್ಟಿ ಇಡ್ಲಿ, ಬಿಡ್."

"ನೀ ಸಣ್ಣದಿಪ್ಪತಿಗೆ ನನ್ಕಿಂತ ಮುಂಚೆ ಓಡ್ತಿದ್ದೆ. ಈಗ ದೊಡ್ಡ ಸನ್ಯಾಸಿನಿ ಆದ್ಯಾ?"

ಓಡುತ್ತಿದ್ದೆ, ಹೌದು. ಆಗ ಹಿಡಿದರೂ ಉಳಿಯುತ್ತಿತ್ತು. ಮಳೆ ಬಂದರೆ ನಿಲ್ಲದ ಕಾಲ ಅದು. ಸಾರು ಮಾಡಿದೆ, ತಿನ್ನಲಿಲ್ಲ. ಅವನು ಎರಡು ಸಲ ಬಡಿಸಿಕೊಂಡ.

ಮೇ 16

ಶೇಖರ ಅಗೆ ಹಾಕಿದ. ಗದ್ದೆಯ ಮೂಲೆ ಹದ ಮಾಡಿ ಭತ್ತ ಬಿತ್ತಿದ್ದಾನೆ. ಸಸಿ ಬೇಗ ಎದ್ದರೆ ನಾಟಿ ಬೇಗ ಮುಗಿಯುತ್ತದಂತೆ. ಬುದ್ಧಿಯಿಲ್ಲದ ಮೀನು ಆ ಮಳೆಯನ್ನು ನಂಬಿತು ಅಂದರೆ ಸರಿ. ಹವಾಮಾನದ ಆ್ಯಪ್ ಮೂರು ಇಟ್ಟುಕೊಂಡ ಇವನೂ ನಂಬಿದ.

ಮೇ 25

ಮಳೆ ಇಲ್ಲ. ಬೈಲಿನ ಗುಂಡಿಗಳಲ್ಲಿ ಮರಿಗಳು ಮಿಜಿಮಿಜಿ. ಉಗುರಿನಷ್ಟು ಉದ್ದ. ಕೈ ಇಟ್ಟರೆ ಸ್ನಾನದ ನೀರಿನಷ್ಟು ಬಿಸಿ. ಬೆಳ್ಳಕ್ಕಿಗಳಿಗೆ ಹಬ್ಬ. ಹೊಳೆಗೆ ಹಿಂದೆ ಹೋಗಲು ತೋಡಿನಲ್ಲಿ ನೀರೇ ಇಲ್ಲ.

ಮರಿಗಳನ್ನು ಕೊಡದಲ್ಲಿ ತುಂಬಿಸಿ ಬೈಲಿನ ತುದಿಯ ಮದಗಕ್ಕೆ ಬಿಟ್ಟು ಬಂದೆ. ಆ ಕೆರೆಯಲ್ಲಿ ಇನ್ನೂ ಮೊಣಕಾಲುದ್ದ ನೀರಿದೆ. ಬೆಳಿಗ್ಗೆ, ಸಂಜೆ. ಸೊಂಟ ಹೋಯಿತು. ಪಕ್ಕದ ಮನೆಯ ಸುಂದರಿ ಅಂಗಳದಲ್ಲಿ ನಿಂತು ನಗುತ್ತಾಳೆ.

"ಮೀನಿನ್ ಮರಿ ಹೊತ್ಕಂಡ್ ಹೋಪ್ದಾ ವನಜಕ್ಕ? ಕಾಲ ಕೆಟ್ಟಿತ್, ಎಂತ ಮಾಡುಕಾತ್ತ್?"

ಕಾಲ ಕೆಟ್ಟಿತಂತೆ. ಹಾಲು ಒಡೆದ ಹಾಗೆ ತಾನಾಗಿ ಕೆಟ್ಟಿತಾ ಅದು? ಕೇಳಬೇಕಿತ್ತು. ಇನ್ನೊಂದು ಕೊಡ ತುಂಬಿಸಲು ಹೋದೆ.

ಜೂನ್ 5

ಶಾಲೆ ಶುರು. ಸಾಂಬಾರು ತಿರುವುತ್ತ ಮನಸ್ಸೆಲ್ಲ ಮದಗದಲ್ಲೇ. ಬರುವಾಗ ಬೈಲು ದಾಟಿದೆ. ಗುಂಡಿಗಳು ಬಿರಿದಿವೆ. ನಾನು ಹೊರಲಾಗದೆ ಬಿಟ್ಟ ಮರಿಗಳು ಒಣಗಿ ಮಣ್ಣಿಗೆ ಅಂಟಿವೆ. ವಾಸನೆ.

ಮುಂಗಾರು ತಡವಂತೆ. ಯಾರಿಗೆ ಬೈಯುವುದು… ಯಾರ ಹೆಸರೂ ಗೊತ್ತಿಲ್ಲ.

ಜೂನ್ 8

ಶೇಖರ ಮದಗಕ್ಕೆ ಪಂಪ್ ಇಟ್ಟ. ಹೇಳದೆ. ಶಾಲೆಯಿಂದ ಬಂದು ನೋಡಿದರೆ ಪೈಪಿನ ಬಾಯಲ್ಲಿ ನೀರಿನ ಜೊತೆ ಮರಿಗಳು. ಅಗೆಯ ಮಧ್ಯೆ ಬಿದ್ದು ಬಾಯಿ ತೆರೆದು ಮುಚ್ಚುತ್ತಿವೆ. ನಾನು ಹೊತ್ತು ತಂದವೇ. ಕಿರುಚಿದೆ. ಇಷ್ಟು ವರ್ಷದಲ್ಲಿ ತಮ್ಮನಿಗೆ ಹಾಗೆ ಕಿರುಚಿದ್ದಿಲ್ಲ.

"ಅಗೆ ಕಾಣ್ ಅಕ್ಕ," ಅಂದ. "ಹಳದಿ ತಿರ್ಗಿತ್. ಇದ್ ಹೋರೆ ಬೇರೆ ಬೀಜ ಇಲ್ಲೆ. ವರ್ಷ ಇಡೀ ಎಂತ ಉಂಬ್ದ್?"

ಮರಿಗಳು ಒಳಗೆ ಹೋಗದಿರಲೆಂದು ಪಂಪ್ ನೀರು ಹೀರುವ ತುದಿಯ ಫುಟ್‌ವಾಲ್ವಿಗೆ ನನ್ನ ಹಳೆ ಸೀರೆ ಸುತ್ತಿದೆ. ಕೆಸರು ಕಟ್ಟಿ ಪಂಪ್ ನೀರೆಳೆಯಲಿಲ್ಲ. ಅವನು ಬಿಚ್ಚಿ ಎಸೆದ. ನಾನು ಫ್ಯೂಸ್ ಕಿತ್ತು ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಜೂನ್ 9

ಅವನು ಗಂಜಿ ತಾನೇ ಬಡಿಸಿಕೊಂಡ.

ಜೂನ್ 11, ಮಧ್ಯಾಹ್ನ

ಭಾನುವಾರ. ಮದಗದಲ್ಲಿ ನೀರು ಗೇಣುದ್ದ. ಹೇಗೂ ಆರುತ್ತಿದೆ, ಪಂಪ್ ಇಡದೆಯೇ. ಅಗೆ ತುದಿಯಿಂದ ಸುಡುತ್ತಿದೆ. ಶೇಖರ ಬೆಳಿಗ್ಗೆಯಿಂದ ಗದ್ದೆಯಂಚಿನಲ್ಲಿ ಕೂತವನು ಈಗ ಬಂದ. ಜಗಳಕ್ಕೆ ಸಿದ್ಧಳಾಗಿದ್ದೆ. ಜಗಳ ಮಾಡಲಿಲ್ಲ ಅವನು. ಬಾಗಿಲಲ್ಲಿ ನಿಂತ.

"ಅಕ್ಕ… ಫ್ಯೂಸ್ ಕೊಡ್."

ಅಷ್ಟೇ. ಬೈದಿದ್ದರೆ ಕೊಡುತ್ತಿರಲಿಲ್ಲ.

ಕೊಟ್ಟೆ.

ಅವನ ಮೇಲೆ ಈಗ ಸಿಟ್ಟಿಲ್ಲ. ಸಿಟ್ಟು ಹೋಗಿಯೂ ಇಲ್ಲ, ಎಲ್ಲಿ ಇಡಬೇಕೋ ಗೊತ್ತಾಗುತ್ತಿಲ್ಲ. ಒಂದು ಗೇಣು ನೀರಿಗೆ ನನ್ನನ್ನೂ ತಮ್ಮನನ್ನೂ ಮೀನಿನ ಮರಿಯನ್ನೂ ಎದುರುಬದುರು ನಿಲ್ಲಿಸಿದವರು ಯಾರೋ, ಅವರ ಮನೆಯ ನಲ್ಲಿಯಲ್ಲಿ ನೀರು ಬರುತ್ತಿರಬಹುದು.

ಪಂಪ್ ಶುರುವಾಯಿತು. ಇಲ್ಲಿಗೇ ಕೇಳುತ್ತಿದೆ. ಅಕ್ಕಿ ಜರಡಿ ತೆಗೆದುಕೊಂಡು ಪೈಪಿನ ಬಾಯಿಗೆ ಹೋಗುತ್ತೇನೆ, ಸಿಕ್ಕಿದಷ್ಟನ್ನು ಹಿಡಿದು… ಹಿಡಿದು ಎಲ್ಲಿ ಬಿಡುವುದು? ಬೇರೆ ನೀರು ಎಲ್ಲಿದೆ?